ಆಗಸ್ಟ್ 15: ಒಂದು ತಾರೀಖಿನ ಚರಿತ್ರೆ

ಆಗಸ್ಟ್ 15 ಗ್ರೆಗೋರಿಯನ್ ಕ್ಯಾಲೆಂಡರಿನ 227ನೆಯ ದಿನ. ಅಧಿಕ ವರ್ಷವಾದರೆ 228ನೆಯದು. ಭಾರತ, ಎರಡೂ ಕೊರಿಯಾಗಳು, ಆಫ್ರಿಕದ ಕಾಂಗೋ ಗಣರಾಜ್ಯ ಮತ್ತು ಯುರೋಪಿನ ಪುಟಾಣಿ ದೇಶ ಲಿಕ್ಟನ್‌ಸ್ಟೈನ್ ಇದನ್ನು ರಾಷ್ಟ್ರೀಯ ಹಬ್ಬವಾಗಿ ಆಚರಿಸುತ್ತವೆ. ಜಪಾನಿನಲ್ಲಿ ಇದು ಯುದ್ಧದಲ್ಲಿ ಮಡಿದವರನ್ನು ನೆನೆಯುವ ದಿನ, ಪೋಲೆಂಡಿನಲ್ಲಿ ಸೇನಾ ದಿನ, ಕ್ಯಾಥೊಲಿಕರಿಗೆ ಯೇಸುವಿನ ತಾಯಿ ಮರಿಯಮ್ಮ ಸ್ವರ್ಗಕ್ಕೇರಿದ ಹಬ್ಬ.

ಶತಮಾನಗಳ ದಾಖಲೆಯನ್ನು 365 ದಿನಗಳಿಗೆ ಹಂಚಿದರೆ ಯಾವ ದಿನದ ಪಾಲಿಗಾದರೂ ಒಂದಿಷ್ಟು ಯುದ್ಧ, ಒಂದಿಷ್ಟು ಪಟ್ಟಾಭಿಷೇಕ, ಒಂದಿಷ್ಟು ಕೊಲೆ ಬಂದೇ ಬರುತ್ತವೆ. ಪತ್ರಿಕೆಗಳ ‘ದಿನವಿಶೇಷ’ ಅಂಕಣ ಒಂದು ದಿನವೂ ಖಾಲಿ ಬೀಳದಿರುವುದು ಇದರಿಂದಲೇ. ಆಗಸ್ಟ್ 15ರ ಪಟ್ಟಿಯಲ್ಲೂ ಇಂಥ ಕಾಕತಾಳೀಯಗಳಿಗೆ ಕೊರತೆಯಿಲ್ಲ. ಆದರೆ ಅದರ ಮುಖ್ಯ ಘಟನೆಗಳಲ್ಲಿ ಹಲವನ್ನು ಯಾರೋ ಬೇಕೆಂದೇ ಆ ದಿನಕ್ಕೆ ಇಟ್ಟಿದ್ದಾರೆ. ಹಳೆಯ ಒಂದು ಆಗಸ್ಟ್ 15 ಹೊಸದೊಂದನ್ನು ಎಳೆದು ತಂದಿದೆ. ಅದು ಮತ್ತೊಂದನ್ನು ತಂದಿದೆ. ಎಳೆದು ತಂದದ್ದು ಯಾವುದು, ತಾನಾಗಿ ಬಂದು ಬಿದ್ದದ್ದು ಯಾವುದು ಎಂದು ಬಿಡಿಸಿ ನೋಡುವುದು ಬರಿಯ ಪಟ್ಟಿಗಿಂತ ಉಪಯುಕ್ತ.

ಮರಿಯಮ್ಮನ ಹಬ್ಬದ ನೆರಳು

ಈ ಸರಪಳಿಯ ಮೊದಲ ಕೊಂಡಿ ಚರ್ಚಿನದು. ಮರಿಯಮ್ಮನ ಹಬ್ಬವನ್ನು ಆಗಸ್ಟ್ 15ರಂದು ಆಚರಿಸುವ ಪದ್ಧತಿ ಪೂರ್ವದ ಚರ್ಚುಗಳಲ್ಲಿ ಬೇರೂರಿ ಅಲ್ಲಿಂದ ರೋಮಿಗೆ ಬಂತು. ಮಧ್ಯಯುಗದ ಯುರೋಪಿನಲ್ಲಿ ದೊಡ್ಡ ಕೆಲಸಕ್ಕೆ ಕೈಹಾಕುವವರಿಗೆ ಇದು ಒಳ್ಳೆಯ ದಿನವಾಯಿತು. ಜರ್ಮನಿಯ ಕಲೋನ್ ಕೆಥೆಡ್ರಲ್‌ಗೆ ಅಡಿಗಲ್ಲಿಟ್ಟದ್ದು 1248ರ ಆಗಸ್ಟ್ 15ರಂದು. (ಕಟ್ಟಡ ಮುಗಿದದ್ದು 1880ರಲ್ಲಿ, ಒಳ್ಳೆಯ ದಿನ ನೋಡಿ ಶುರುಮಾಡಿದರೂ ಆರು ಶತಮಾನ ಹಿಡಿಯಿತು.) ವ್ಯಾಟಿಕನ್ನಿನ ಸಿಸ್ಟೀನ್ ಚಾಪೆಲ್ ಪೂಜೆಗೆ ತೆರೆದುಕೊಂಡದ್ದು 1483ರ ಇದೇ ದಿನ. ಕಾನ್‌ಸ್ಟಾಂಟಿನೋಪಲ್ ನಗರವನ್ನು ಮೈಕೇಲ್ ಪೇಲಿಯೊಲೋಗಸ್‌ನ ಪಡೆ ಲ್ಯಾಟಿನರ ಕೈಯಿಂದ ಮರಳಿ ಪಡೆದದ್ದು 1261ರ ಜುಲೈ 25ರಂದು. ಆದರೆ ಚಕ್ರವರ್ತಿ ಮೂರು ವಾರ ಕಾದು, ಆಗಸ್ಟ್ 15ರಂದೇ ಮೆರವಣಿಗೆಯಲ್ಲಿ ಪುರಪ್ರವೇಶ ಮಾಡಿದ.

1534ರಲ್ಲಿ ಪ್ಯಾರಿಸಿನ ಮೋಂಮಾರ್ತ್ರ್ ಗುಡ್ಡದ ಮೇಲೆ ಇಗ್ನೇಷಿಯಸ್ ಲೊಯೊಲಾ ಮತ್ತು ಆರು ಜನ ಗೆಳೆಯರು ವ್ರತ ತೊಟ್ಟದ್ದೂ ಈ ಹಬ್ಬದಂದೇ. ಜೆಸ್ವಿಟ್ ಸಂಘಕ್ಕೆ ಬುನಾದಿಯಾದ ಆ ವ್ರತ ತೊಟ್ಟವರಲ್ಲಿ ಫ್ರಾನ್ಸಿಸ್ ಜೇವಿಯರ್ ಒಬ್ಬರು. ಮುಂದೆ ಅವರು ಗೋವಾಕ್ಕೆ ಬಂದರು, ಅಲ್ಲಿಂದ ಮಲಾಕಾ ಮಾರ್ಗವಾಗಿ ಜಪಾನಿಗೆ ಹೊರಟರು. ಜಪಾನಿನ ಕಾಗೊಷಿಮಾದಲ್ಲಿ ಕಾಲಿಟ್ಟ ದಿನ 1549ರ ಆಗಸ್ಟ್ 15. ವ್ರತಕ್ಕೆ ದಿನ ಆರಿಸಿಕೊಂಡಿದ್ದರು, ಸರಿ. ಹಾಯಿಹಡಗು ಅದೇ ದಿನ ದಡ ಮುಟ್ಟಿದ್ದು ಗಾಳಿಯ ಕೃಪೆ. ನಡುವೆ 1537ರಲ್ಲಿ ದಕ್ಷಿಣ ಅಮೆರಿಕದ ನದಿದಂಡೆಯೊಂದರಲ್ಲಿ ಸ್ಪೇನಿನವರು ಈ ಹಬ್ಬದ ದಿನ ಕೋಟೆಯೊಂದನ್ನು ಕಟ್ಟತೊಡಗಿ ಹಬ್ಬದ ಹೆಸರನ್ನೇ ಅದಕ್ಕಿಟ್ಟರು. ಪರಾಗ್ವೇಯ ರಾಜಧಾನಿ ಅಸುನ್ಸಿಯೊನ್ ಬೆಳೆದದ್ದು ಅಲ್ಲಿ.

ಹಬ್ಬದ ದಿನ ತಮ್ಮ ಕೆಲಸ ಇಟ್ಟುಕೊಂಡವರು ಇವರು. ಹಬ್ಬವನ್ನೇ ತನ್ನದಾಗಿ ಮಾಡಿಕೊಂಡವನು ನೆಪೋಲಿಯನ್. ಕಾರ್ಸಿಕಾದ ಅಜಾಕ್ಸಿಯೊದಲ್ಲಿ ಅವನು ಹುಟ್ಟಿದ್ದು 1769ರ ಆಗಸ್ಟ್ 15ರಂದು. ಚಕ್ರವರ್ತಿಯಾದ ಮೇಲೆ 1806ರಲ್ಲಿ ಆ ದಿನವನ್ನು ‘ಸಂತ ನೆಪೋಲಿಯನ್’ನ ಹಬ್ಬವೆಂದು ಸಾರಿದ. ಅಂಥ ಸಂತನೊಬ್ಬ ಎಲ್ಲಿದ್ದ ಎಂದು ಹುಡುಕಿ, ರೋಮನ್ ಕಾಲದ ಹುತಾತ್ಮನೊಬ್ಬನ ಹೆಸರನ್ನು ಹೇಗೋ ಹೊಂದಿಸಿ ಚರ್ಚಿನವರು ಮಾನ ಉಳಿಸಿದರು. ಚಕ್ರವರ್ತಿ ಹೋದ, ಹಬ್ಬವೂ ಹೋಯಿತು. 1852ರಲ್ಲಿ ಅವನ ತಮ್ಮನ ಮಗ ಮೂರನೆಯ ನೆಪೋಲಿಯನ್ ಅದನ್ನು ಮತ್ತೆ ತಂದ. ಅವನೊಡನೆ ಅದೂ ಮತ್ತೆ ಹೋಯಿತು. ಫ್ರಾನ್ಸಿನಲ್ಲಿ ಇಂದಿಗೂ ಆಗಸ್ಟ್ 15 ರಜೆ, ಆದರೆ ರಜೆ ಮರಿಯಮ್ಮನದು.

ಲಿಕ್ಟನ್‌ಸ್ಟೈನಿನ ಕತೆ ಇದಕ್ಕಿಂತ ಸರಳ. ಅಲ್ಲಿನ ರಾಜ ಎರಡನೆಯ ಫ್ರಾನ್ಸ್ ಜೋಸೆಫ್‌ನ ಹುಟ್ಟುಹಬ್ಬ ಆಗಸ್ಟ್ 16ರಂದು. ಹಿಂದಿನ ದಿನ ಹೇಗೂ ಹಬ್ಬದ ರಜೆ. ಎರಡನ್ನೂ ಸೇರಿಸಿ 1940ರಲ್ಲಿ ಆಗಸ್ಟ್ 15ನ್ನು ರಾಷ್ಟ್ರೀಯ ದಿನ ಮಾಡಿದರು. ಪೋಲೆಂಡಿನ ಸೇನಾ ದಿನಕ್ಕೆ ಕಾರಣ 1920ರ ವಾರ್ಸಾ ಕದನ. ಸೋವಿಯತ್ ಕೆಂಪು ಸೇನೆ ರಾಜಧಾನಿಯ ಬಾಗಿಲಿಗೆ ಬಂದಾಗ ಪೋಲರು ಅದನ್ನು ಹಿಮ್ಮೆಟ್ಟಿಸಿದರು. ಕದನ ಹಲವು ದಿನ ನಡೆದಿತ್ತು. ನೆನಪಿಗೆ ಮರಿಯಮ್ಮನ ಹಬ್ಬವನ್ನೇ ಹಿಡಿದುಕೊಂಡರು.

ಜಪಾನಿನ ಒಂದು ಮಧ್ಯಾಹ್ನ

1945ರ ಆಗಸ್ಟ್ 15ರ ಮಧ್ಯಾಹ್ನ ಹನ್ನೆರಡಕ್ಕೆ ಜಪಾನಿನ ರೇಡಿಯೊದಲ್ಲಿ ಚಕ್ರವರ್ತಿ ಹಿರೊಹಿಟೊನ ದನಿ ಕೇಳಿಬಂತು. ಪ್ರಜೆಗಳು ಆ ದನಿಯನ್ನು ಕೇಳಿದ್ದು ಅದೇ ಮೊದಲು. ಭಾಷಣ ಹಿಂದಿನ ರಾತ್ರಿಯೇ ಅರಮನೆಯಲ್ಲಿ ಗ್ರಾಮಫೋನ್ ಪ್ಲೇಟಿನಲ್ಲಿ ಮುದ್ರಣವಾಗಿತ್ತು. ಶರಣಾಗತಿಗೆ ಒಪ್ಪದ ಕೆಲವು ಸೇನಾಧಿಕಾರಿಗಳು ಪ್ಲೇಟುಗಳನ್ನು ಕಸಿದುಕೊಳ್ಳಲು ಅರಮನೆಗೆ ನುಗ್ಗಿ, ಬೆಳಗಿನ ಜಾವದವರೆಗೆ ಕೋಣೆ ಕೋಣೆ ಜಾಲಾಡಿದರು. ಸಿಬ್ಬಂದಿಯೊಬ್ಬರು ಸಣ್ಣ ತಿಜೋರಿಯಲ್ಲಿ ಬಚ್ಚಿಟ್ಟಿದ್ದ ಪ್ಲೇಟುಗಳು ಸಿಗಲಿಲ್ಲ. ಮಧ್ಯಾಹ್ನ ಪ್ರಸಾರವಾದ ಭಾಷಣ ಆಸ್ಥಾನದ ಹಳೆಯ ಗ್ರಾಂಥಿಕ ಶೈಲಿಯದು. ‘ಶರಣಾಗತಿ’ ಎಂಬ ಮಾತೇ ಅದರಲ್ಲಿ ಇರಲಿಲ್ಲ. ಕೇಳಿದ ಎಷ್ಟೋ ಜನಕ್ಕೆ ಯುದ್ಧ ಮುಗಿಯಿತೋ ಇನ್ನಷ್ಟು ಹೋರಾಡಬೇಕೋ ತಿಳಿಯಲಿಲ್ಲ. ಆಮೇಲೆ ಉದ್ಘೋಷಕರು ಬಿಡಿಸಿ ಹೇಳಬೇಕಾಯಿತು.

ಅದೇ ಸುದ್ದಿ ವಾಷಿಂಗ್ಟನ್ನಿನಲ್ಲಿ ಹೊರಬಿದ್ದಾಗ ಅಲ್ಲಿ ಇನ್ನೂ ಆಗಸ್ಟ್ 14ರ ಸಂಜೆ. ಶರಣಾಗತಿ ಪತ್ರಕ್ಕೆ ಸಹಿ ಬಿದ್ದದ್ದು ಸೆಪ್ಟೆಂಬರ್ 2ರಂದು, ಟೋಕಿಯೊ ಕೊಲ್ಲಿಯಲ್ಲಿ ನಿಂತ ಮಿಸೌರಿ ಎಂಬ ಯುದ್ಧನೌಕೆಯ ಮೇಲೆ. ಅಮೆರಿಕದವರು ಆ ತಾರೀಖನ್ನು ಅಧಿಕೃತವೆಂದು ಇಟ್ಟುಕೊಂಡರೆ ಬ್ರಿಟನ್ ಆಗಸ್ಟ್ 15ನ್ನು ಇಟ್ಟುಕೊಂಡಿತು. ಬ್ರಿಟನ್ನಿನ ಈ ಆಯ್ಕೆ ಎರಡೇ ವರ್ಷದಲ್ಲಿ ನಮಗೂ ತಾಕಿತು.

ಅದಕ್ಕೂ ಮೊದಲು ತಾಕಿದ್ದು ಕೊರಿಯಾಕ್ಕೆ. ಮೂವತ್ತೈದು ವರ್ಷ ಜಪಾನಿನ ವಸಾಹತಾಗಿದ್ದ ದೇಶಕ್ಕೆ ಅಂದು ಬಿಡುಗಡೆ. ದಕ್ಷಿಣದವರು ತಮ್ಮ ಗಣರಾಜ್ಯದ ಸ್ಥಾಪನೆಯನ್ನು ಬೇಕೆಂದೇ 1948ರ ಆಗಸ್ಟ್ 15ಕ್ಕೆ ಇಟ್ಟುಕೊಂಡರು. ಉತ್ತರದವರು ತಮ್ಮ ಸರ್ಕಾರವನ್ನು ಸೆಪ್ಟೆಂಬರಿನಲ್ಲಿ ಸಾರಿದರೂ ಬಿಡುಗಡೆಯ ದಿನವನ್ನು ಬಿಟ್ಟುಕೊಡಲಿಲ್ಲ. ಹೀಗೆ ಎಲ್ಲದರಲ್ಲೂ ಜಗಳವಾಡುವ ಎರಡು ದೇಶಗಳು ಒಟ್ಟಿಗೆ ಉಳಿಸಿಕೊಂಡ ಬೆರಳೆಣಿಕೆಯ ಸಂಗತಿಗಳಲ್ಲಿ ಈ ರಜೆಯೂ ಒಂದು. 1974ರಲ್ಲಿ ಸೋಲ್ ನಗರದ ರಾಷ್ಟ್ರೀಯ ರಂಗಮಂದಿರದಲ್ಲಿ ಬಿಡುಗಡೆಯ ದಿನದ ಸಮಾರಂಭ ನಡೆಯುತ್ತಿದ್ದಾಗ ಅಧ್ಯಕ್ಷ ಪಾರ್ಕ್ ಚುಂಗ್ ಹೀ ಅವರತ್ತ ಗುಂಡು ಹಾರಿತು. ಅವರು ಉಳಿದರು, ಪತ್ನಿ ಯುಕ್ ಯಂಗ್ ಸೂ ತೀರಿಕೊಂಡರು. ಪತ್ನಿಯನ್ನು ಹೊತ್ತೊಯ್ದ ಬಳಿಕ ಪಾರ್ಕ್ ಭಾಷಣ ಮುಂದುವರಿಸಿದರು. ನಗರದ ಮೊದಲ ಸುರಂಗ ರೈಲು ಓಡತೊಡಗಿದ್ದೂ ಅದೇ ದಿನ. ಹಬ್ಬಕ್ಕೆಂದು ಇಟ್ಟುಕೊಂಡ ಉದ್ಘಾಟನೆ ಸೂತಕದ ಮನೆಯಲ್ಲಿ ನಡೆದಂತಾಯಿತು.

1947

ಭಾರತಕ್ಕೆ 1948ರ ಜೂನ್ ಒಳಗೆ ಅಧಿಕಾರ ಬಿಟ್ಟುಕೊಡುತ್ತೇವೆ ಎಂದು ಬ್ರಿಟನ್ನಿನ ಪ್ರಧಾನಿ ಆಟ್ಲಿ ಘೋಷಿಸಿದ್ದು 1947ರ ಫೆಬ್ರವರಿ 20ರಂದು. ಮಾರ್ಚಿನಲ್ಲಿ ಬಂದ ವೈಸ್‌ರಾಯ್ ಮೌಂಟ್‌ಬ್ಯಾಟನ್ ಎಲ್ಲವನ್ನೂ ಅವಸರಕ್ಕೆ ಹಚ್ಚಿದರು. ಜೂನ್ 4ರ ಪತ್ರಿಕಾಗೋಷ್ಠಿಯಲ್ಲಿ ಅವರ ಬಾಯಿಂದ ಆಗಸ್ಟ್ 15 ಎಂಬ ತಾರೀಖು ಹೊರಬಿತ್ತು. ಯುದ್ಧಕಾಲದಲ್ಲಿ ಆಗ್ನೇಯ ಏಷ್ಯಾದ ಮಿತ್ರಪಡೆಗಳ ಮಹಾದಂಡನಾಯಕರಾಗಿದ್ದ ತಮಗೆ ಜಪಾನ್ ಶರಣಾದ ದಿನ ಥಟ್ಟನೆ ಹೊಳೆಯಿತೆಂದು ಮುಂದೆ ಅವರೇ ಹೇಳಿಕೊಂಡರು. ನಲವತ್ತು ಕೋಟಿ ಜನರ ಹಣೆಬರಹದ ತಾರೀಖನ್ನು ಒಬ್ಬ ಸೇನಾನಿ ತನ್ನ ಗೆಲುವಿನ ನೆನಪಿಗೆ ಗಂಟುಹಾಕಿದ್ದು ಇಂದಿಗೂ ಕಸಿವಿಸಿ ಹುಟ್ಟಿಸುವ ಸಂಗತಿ. ದೇಶ ಒಡೆಯಲು, ಸೈನ್ಯ ಹಂಚಲು, ಗಡಿ ಎಳೆಯಲು ಸಿಕ್ಕದ್ದು ಎಪ್ಪತ್ತು ಚಿಲ್ಲರೆ ದಿನ.

ತಾರೀಖಿಗೆ ತಕರಾರು ತೆಗೆದವರು ಜ್ಯೋತಿಷಿಗಳು. ಆ ಶುಕ್ರವಾರ ಅಶುಭ ಎಂದರು. ಪರಿಹಾರ ಪಂಚಾಂಗದಲ್ಲೇ ಸಿಕ್ಕಿತು: ಇಂಗ್ಲಿಷ್ ಲೆಕ್ಕದಲ್ಲಿ ದಿನ ಬದಲಾಗುವುದು ಮಧ್ಯರಾತ್ರಿಗೆ, ನಮ್ಮ ಲೆಕ್ಕದಲ್ಲಿ ಸೂರ್ಯೋದಯಕ್ಕೆ. 14ರ ರಾತ್ರಿ ಹನ್ನೊಂದಕ್ಕೆ ಸಂವಿಧಾನ ಸಭೆ ಸೇರಿತು, ನೆಹರೂ ಮಾತಾಡಿದರು, ಹನ್ನೆರಡು ಹೊಡೆದಾಗ ಶಂಖ ಊದಿದರು. ಕಾನೂನಿಗೆ 15 ಆಗಿತ್ತು, ಪಂಚಾಂಗಕ್ಕೆ ಇನ್ನೂ ಆಗಿರಲಿಲ್ಲ. ಇಬ್ಬರ ಮಾತೂ ಉಳಿಯಿತು.

ಗಾಂಧೀಜಿ ದೆಹಲಿಯಲ್ಲಿ ಇರಲಿಲ್ಲ. ಕಲ್ಕತ್ತದ ಬೇಲಿಯಾಘಾಟದ ಹೈದರಿ ಮಂಜಿಲ್ ಎಂಬ ಹಳೆಯ ಮನೆಯಲ್ಲಿ ಉಪವಾಸ, ಪ್ರಾರ್ಥನೆ, ನೂಲುವುದರಲ್ಲಿ ಆ ದಿನ ಕಳೆದರು. ಅವರ ಪಾಲಿಗೆ ಆಗಸ್ಟ್ 15ಕ್ಕೆ ಬೇರೊಂದು ನೆನಪೂ ಇತ್ತು: ಐದು ವರ್ಷದ ಹಿಂದೆ, 1942ರಲ್ಲಿ, ಪುಣೆಯ ಆಗಾಖಾನ್ ಅರಮನೆಯ ಸೆರೆಯಲ್ಲಿ ಕಾರ್ಯದರ್ಶಿ ಮಹಾದೇವ ದೇಸಾಯಿ ಕಣ್ಣುಮುಚ್ಚಿದ ದಿನ ಅದು. ಪುದುಚೇರಿಯಲ್ಲಿ ಶ್ರೀ ಅರವಿಂದರಿಗೆ ಅಂದು 75 ತುಂಬಿತು. ತಮ್ಮ ಜನ್ಮದಿನವೂ ದೇಶದ ಬಿಡುಗಡೆಯೂ ಒಂದಾದದ್ದು ಆಕಸ್ಮಿಕವಲ್ಲ ಎಂದು ಆಕಾಶವಾಣಿಗೆ ಕಳಿಸಿದ ಸಂದೇಶದಲ್ಲಿ ಅವರು ಬರೆದರು. ಮೌಂಟ್‌ಬ್ಯಾಟನ್ನರಿಗೆ ಆ ಹುಟ್ಟುಹಬ್ಬ ನೆನಪಿತ್ತೆಂದು ನಂಬಲು ಆಧಾರವಿಲ್ಲ.

ಈ ದಿನದ ಸುತ್ತ ಬೆಳೆದ ಕೆಲವು ತಪ್ಪು ಕಲ್ಪನೆಗಳನ್ನೂ ಇಲ್ಲಿ ಹೇಳಬೇಕು. ಕೆಂಪುಕೋಟೆಯ ಮೇಲೆ ನೆಹರೂ ಬಾವುಟ ಹಾರಿಸಿದ್ದು 15ರಂದಲ್ಲ, 16ರಂದು. 15ರ ಸಂಜೆಯ ಧ್ವಜಾರೋಹಣ ಇಂಡಿಯಾ ಗೇಟ್ ಹತ್ತಿರದ ಪ್ರಿನ್ಸಸ್ ಪಾರ್ಕಿನಲ್ಲಿ ನಡೆಯಿತು. ಪಾಕಿಸ್ತಾನ ಭಾರತಕ್ಕಿಂತ ಒಂದು ದಿನ ಮೊದಲು ಹುಟ್ಟಿತೆಂಬುದೂ ಸರಿಯಲ್ಲ; ಭಾರತ ಸ್ವಾತಂತ್ರ್ಯ ಕಾಯ್ದೆಯ ಪ್ರಕಾರ ಎರಡೂ ದೇಶ ಹುಟ್ಟಿದ್ದು ಆಗಸ್ಟ್ 15ರಂದೇ. 1948ರಲ್ಲಿ ಪಾಕಿಸ್ತಾನ ಹೊರತಂದ ಮೊದಲ ಅಂಚೆಚೀಟಿಗಳಲ್ಲೂ ಅದೇ ತಾರೀಖು ಇದೆ. ಮೌಂಟ್‌ಬ್ಯಾಟನ್ 15ಕ್ಕೆ ದೆಹಲಿಯಲ್ಲಿ ಇರಬೇಕಾದ್ದರಿಂದ ಕರಾಚಿಯ ಸಮಾರಂಭ ಹಿಂದಿನ ದಿನವೇ ಮುಗಿದಿತ್ತು. ಆ 14ನ್ನೇ ಪಾಕಿಸ್ತಾನ ಖಾಯಂ ಮಾಡಿಕೊಂಡಿತು. ಇನ್ನು ಗಡಿರೇಖೆ ಬಹಿರಂಗವಾದದ್ದು 17ರಂದು. ಹೀಗಾಗಿ ಬಂಗಾಳದ ಮುರ್ಷಿದಾಬಾದ್, ಮಾಲ್ದಾ ಕಡೆಯ ಜನ ಎರಡು ದಿನ ಪಾಕಿಸ್ತಾನದ ಬಾವುಟದಡಿ ಇದ್ದು ಆಮೇಲೆ ಭಾರತದವರಾದರು.

ಕನ್ನಡನಾಡಿನಲ್ಲೂ ಆ ದಿನ ಎಲ್ಲರಿಗೂ ಒಂದೇ ಆಗಿರಲಿಲ್ಲ. ಧಾರವಾಡ, ಬೆಳಗಾವಿ, ಮಂಗಳೂರು, ಬಳ್ಳಾರಿಗಳಲ್ಲಿ ಬ್ರಿಟಿಷರ ಆಳ್ವಿಕೆ ಮುಗಿಯಿತು. ಮೈಸೂರು ಸಂಸ್ಥಾನ ಭಾರತಕ್ಕೆ ಸೇರಿತಾದರೂ ಜವಾಬ್ದಾರಿ ಸರ್ಕಾರ ಸಿಗಲಿಲ್ಲ. ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿ ನಡೆದು, ಜೈಲುಗಳು ತುಂಬಿ, ಅಕ್ಟೋಬರ್ ಕೊನೆಗೆ ಕೆ. ಸಿ. ರೆಡ್ಡಿ ಮುಖ್ಯಮಂತ್ರಿಯಾದರು. ಬೀದರ, ಕಲಬುರಗಿ, ರಾಯಚೂರಿನವರು ನಿಜಾಮನ ಕೈಯಿಂದ ಪಾರಾಗಲು 1948ರ ಸೆಪ್ಟೆಂಬರ್ 17ರ ತನಕ ಕಾಯಬೇಕಾಯಿತು. ಕಾರವಾರದ ಆಚೆಗಿನ ಗೋವಾ 1961ರ ಡಿಸೆಂಬರ್ ತನಕ ಪೋರ್ಚುಗೀಸರ ಕೈಯಲ್ಲೇ ಇತ್ತು. 1955ರ ಆಗಸ್ಟ್ 15ರಂದು ಸಾವಿರಾರು ಸತ್ಯಾಗ್ರಹಿಗಳು ಬರಿಗೈಯಲ್ಲಿ ಗೋವಾದ ಗಡಿ ದಾಟಿದಾಗ ಗುಂಡಿಗೆ ಇಪ್ಪತ್ತಕ್ಕೂ ಹೆಚ್ಚು ಜನ ಬಲಿಯಾದರು. ಅವರು ಆ ದಿನವನ್ನು ಆರಿಸಿಕೊಂಡದ್ದಕ್ಕೆ ವಿವರಣೆ ಬೇಕಿಲ್ಲ.

ಕರ್ನಾಟಕದಲ್ಲಿ ಆಗಸ್ಟ್ 15 ಸಂಗೊಳ್ಳಿ ರಾಯಣ್ಣನ ಜಯಂತಿಯೂ ಹೌದು. ಕಿತ್ತೂರು ಚೆನ್ನಮ್ಮನ ಬಂಟ ರಾಯಣ್ಣ ಹುಟ್ಟಿದ್ದು 1798ರ ಆಗಸ್ಟ್ 15ರಂದು ಎಂದು ನಾಡು ಆಚರಿಸುತ್ತದೆ. ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು. ಒಂದು ಸ್ವಾತಂತ್ರ್ಯದ ದಿನ, ಇನ್ನೊಂದು ಗಣರಾಜ್ಯದ ದಿನ. ದೆಹಲಿಯವರು ಜನವರಿ 26ನ್ನು ಹಿಡಿದದ್ದು 1930ರ ಪೂರ್ಣ ಸ್ವರಾಜ್ಯ ದಿನದ ನೆನಪಿಗೆ. 1949ರ ನವೆಂಬರ್ 26ಕ್ಕೇ ಸಂವಿಧಾನ ಸಿದ್ಧವಾಗಿದ್ದರೂ ಅದಕ್ಕಾಗಿಯೇ ಎರಡು ತಿಂಗಳು ಕಾದರು. ರಾಯಣ್ಣನ ಎರಡು ದಿನಗಳಿಗೂ ಮೌಂಟ್‌ಬ್ಯಾಟನ್ನರಿಗೂ ಕಾಂಗ್ರೆಸ್ಸಿಗೂ ಸಂಬಂಧವಿಲ್ಲ, ಇದು ಅಪ್ಪಟ ಕಾಕತಾಳೀಯ. ಆದರೂ ಬೆಳಗಾವಿ ಜಿಲ್ಲೆಯ ಹಳ್ಳಿಯೊಂದರಲ್ಲಿ ನಿಂತು ಇದನ್ನು ಹಾಗೆನ್ನಲು ಧೈರ್ಯ ಬೇಕು.

ಸರ್ಕಾರಿ ಮುಹೂರ್ತ

ಸ್ವತಂತ್ರ ಭಾರತದಲ್ಲಿ ಆಗಸ್ಟ್ 15 ಸರ್ಕಾರದ ಶುಭಕಾರ್ಯಗಳ ಮುಹೂರ್ತವಾಯಿತು. ಬೆಂಗಳೂರಿಗೆ ಮುಂದೆ ಹೆಸರು ತಂದ ಇಸ್ರೋ ಹುಟ್ಟಿದ್ದು 1969ರ ಈ ದಿನ. ಅಂಚೆ ಇಲಾಖೆಯ ಪಿನ್ ಕೋಡ್ ಬಂದದ್ದು 1972ರಲ್ಲಿ. ಒಂದೇ ಹೆಸರಿನ ಹತ್ತಾರು ಊರುಗಳ ನಡುವೆ ಪತ್ರ ದಾರಿ ತಪ್ಪುತ್ತಿದ್ದುದಕ್ಕೆ ಶ್ರೀರಾಮ ಭಿಕಾಜಿ ವೇಲಣಕರ್ ರೂಪಿಸಿದ ಆರಂಕಿಯ ಮದ್ದು ಅದು. ದೂರದರ್ಶನಕ್ಕೆ ಬಣ್ಣ ಬಂದದ್ದು 1982ರಲ್ಲಿ, ಜನಸಾಮಾನ್ಯರಿಗೆ ಇಂಟರ್ನೆಟ್ ಬಂದದ್ದು 1995ರಲ್ಲಿ. 1985ರಲ್ಲಿ ಅಸ್ಸಾಂ ಒಪ್ಪಂದಕ್ಕೆ ನಡುರಾತ್ರಿ ಕಳೆದ ಮೇಲೆ ಸಹಿ ಬಿತ್ತು; ಬೆಳಗ್ಗೆ ರಾಜೀವ್ ಗಾಂಧಿ ಕೆಂಪುಕೋಟೆಯಿಂದ ಅದನ್ನು ಸಾರಬೇಕಿತ್ತಲ್ಲ. ಕೆಂಪುಕೋಟೆಯ ಭಾಷಣ ಎಷ್ಟೋ ಕಡತಗಳಿಗೆ ಗಡುವು.

ಭೂಮಿಗೆ ಇಂಥ ಮುಹೂರ್ತದ ಹಂಗಿಲ್ಲ. 1950ರ ಸ್ವಾತಂತ್ರ್ಯ ದಿನದ ಸಂಜೆ ಏಳೂವರೆ ದಾಟಿದಾಗ ಅಸ್ಸಾಂ-ಟಿಬೆಟ್ ಗಡಿಯಲ್ಲಿ 8.6 ತೀವ್ರತೆಯ ಭೂಕಂಪವಾಯಿತು. ನೆಲದ ಮೇಲೆ ದಾಖಲಾದ ಅತಿದೊಡ್ಡ ಭೂಕಂಪಗಳಲ್ಲಿ ಒಂದು. ಕೇಂದ್ರಬಿಂದುವಿನ ಹತ್ತಿರದ ರೀಮಾದಲ್ಲಿ ಸಸ್ಯಶೋಧಕ ಫ್ರಾಂಕ್ ಕಿಂಗ್‌ಡನ್ ವಾರ್ಡ್ ಪತ್ನಿಯೊಡನೆ ಡೇರೆ ಹಾಕಿದ್ದರು. ನೆಲದ ಅಲುಗಾಟ ನಿಂತ ಮೇಲೆ ಆಕಾಶದಲ್ಲಿ ಒಂದರ ಹಿಂದೊಂದು ಸ್ಫೋಟದ ಸದ್ದು ಕೇಳಿತೆಂದು ಅವರು ಬರೆದಿಟ್ಟಿದ್ದಾರೆ. ಕುಸಿದ ಬೆಟ್ಟಗಳು ನದಿಗಳಿಗೆ ಅಡ್ಡಗಟ್ಟೆಯಾದವು. ಕೆಲವು ದಿನದ ಮೇಲೆ ಸುಬಾನ್‌ಸಿರಿಯ ಕಟ್ಟೆಯೊಡೆದು ಕೆಳಗಿನ ಹಳ್ಳಿಗಳು ಕೊಚ್ಚಿಹೋದವು. ಹೂಳು ತುಂಬಿ ಬ್ರಹ್ಮಪುತ್ರದ ತಳ ಮೇಲೆದ್ದಿತು. ದಿಬ್ರೂಗಢದ ದಂಡೆಯನ್ನು ನದಿ ಕೊರೆಯತೊಡಗಿದ್ದು ಆಮೇಲೆ.

ಕಾಕತಾಳೀಯಗಳಲ್ಲಿ ಇನ್ನು ಕೆಲವನ್ನು ಬೇಗ ಹೇಳಿ ಮುಗಿಸಬಹುದು. 1914ರಲ್ಲಿ ಆಂಕನ್ ಎಂಬ ಹಡಗು ಹಾದು ಪನಾಮಾ ಕಾಲುವೆ ಅಧಿಕೃತವಾಗಿ ತೆರೆಯಿತು. ಎರಡು ವಾರದ ಹಿಂದಷ್ಟೇ ಯುರೋಪಿನಲ್ಲಿ ಮಹಾಯುದ್ಧ ಶುರುವಾಗಿದ್ದರಿಂದ ಜಗತ್ತು ಅತ್ತ ತಿರುಗಿ ನೋಡಲಿಲ್ಲ. 1961ರಲ್ಲಿ ಬರ್ಲಿನ್ ಗೋಡೆ ಇನ್ನೂ ಬರಿಯ ಮುಳ್ಳುತಂತಿಯಾಗಿದ್ದಾಗ ಪೂರ್ವ ಜರ್ಮನಿಯ ಯುವ ಪೊಲೀಸ್ ಕೊನ್ರಾಡ್ ಶೂಮನ್ ಅದನ್ನು ಹಾರಿ ಪಶ್ಚಿಮಕ್ಕೆ ಓಡಿದ. 1969ರಲ್ಲಿ ನ್ಯೂಯಾರ್ಕ್ ರಾಜ್ಯದ ಹೊಲವೊಂದರಲ್ಲಿ ವುಡ್‌ಸ್ಟಾಕ್ ಸಂಗೀತೋತ್ಸವ ಆರಂಭವಾಯಿತು. 1971ರ ಭಾನುವಾರ ರಾತ್ರಿ ಅಧ್ಯಕ್ಷ ನಿಕ್ಸನ್ ಟಿವಿಯಲ್ಲಿ ಬಂದು, ಔನ್ಸಿಗೆ 35 ಡಾಲರಿನಂತೆ ಚಿನ್ನ ಕೊಡುವ ಮಾತನ್ನು ಅಮೆರಿಕ ಹಿಂದಕ್ಕೆ ಪಡೆಯಿತೆಂದರು. ಇಂದಿನ ಏರಿಳಿಯುವ ವಿನಿಮಯ ದರಗಳ ಕಾಲಕ್ಕೆ ನಾಂದಿ ಅದು. 1977ರಲ್ಲಿ ಓಹಾಯೊದ ರೇಡಿಯೊ ದೂರದರ್ಶಕಕ್ಕೆ ಅಂತರಿಕ್ಷದಿಂದ 72 ಸೆಕೆಂಡಿನ ಸಂಕೇತವೊಂದು ಸಿಕ್ಕಿತು. ಅದು ಮತ್ತೆಂದೂ ಕೇಳಿಸಿಲ್ಲ.

1975ರ ಎರಡು ಸುದ್ದಿ

1975ರ ಆಗಸ್ಟ್ 15ರ ಬೆಳಗಿನ ಜಾವ ಢಾಕಾದ ಧಾನ್‌ಮಂಡಿಯ 32ನೆಯ ರಸ್ತೆಯ ಮನೆಯಲ್ಲಿ ಬಾಂಗ್ಲಾದೇಶದ ಅಧ್ಯಕ್ಷ ಶೇಖ್ ಮುಜಿಬುರ್ ರಹಮಾನ್ ಅವರನ್ನು ಸೇನಾಧಿಕಾರಿಗಳ ಗುಂಪೊಂದು ಕೊಂದಿತು. ಪತ್ನಿ, ಮೂವರು ಗಂಡುಮಕ್ಕಳು, ಸೊಸೆಯರು ಅಲ್ಲೇ ಹತರಾದರು; ಕಿರಿಯ ಮಗನಿಗೆ ಹತ್ತು ವರ್ಷ. ಯುರೋಪಿನಲ್ಲಿದ್ದ ಇಬ್ಬರು ಹೆಣ್ಣುಮಕ್ಕಳು ಉಳಿದರು. ಹಿರಿಯಾಕೆ ಶೇಖ್ ಹಸೀನಾ ಮುಂದೆ ಪ್ರಧಾನಿಯಾದರು.

ಕೆಂಪುಕೋಟೆಯಲ್ಲಿ ಇಂದಿರಾ ಗಾಂಧಿ ತುರ್ತುಪರಿಸ್ಥಿತಿಯ ಮೊದಲ ಸ್ವಾತಂತ್ರ್ಯ ದಿನದ ಭಾಷಣ ಮಾಡಿದ್ದು ಅಂದೇ. ಬೊಂಬಾಯಿಯಲ್ಲಿ ‘ಶೋಲೆ’ ತೆರೆಗೆ ಬಂದದ್ದೂ ಅಂದೇ. ರಾಮನಗರದ ಬಂಡೆಗಳ ನಡುವೆ ರಾಮಗಢವೆಂಬ ಊರನ್ನೇ ಕಟ್ಟಿ ಚಿತ್ರೀಕರಿಸಿದ ಚಿತ್ರ. ಠಾಕೂರ್ ಗಬ್ಬರನನ್ನು ತುಳಿದು ಕೊಲ್ಲುವ ಮೊದಲಿನ ಅಂತ್ಯಕ್ಕೆ ಸೆನ್ಸಾರಿನವರು ಒಪ್ಪದೆ, ಪೊಲೀಸರು ಬಂದು ಅವನನ್ನು ಹಿಡಿಯುವಂತೆ ತಿದ್ದಿಸಿದ್ದರು. ರಜೆಯ ದಿನ ನೋಡಿ ಚಿತ್ರ ಬಿಡುಗಡೆ ಮಾಡುವುದು ಸಿನಿಮಾದವರ ಲೆಕ್ಕಾಚಾರ. ಢಾಕಾದ ಕೊಲೆಗೂ ಅದಕ್ಕೂ ಯಾವ ಎಳೆಯೂ ಇಲ್ಲ.

ಬಾಂಗ್ಲಾದೇಶದಲ್ಲಿ ಆ ತಾರೀಖು ಆಮೇಲೆ ರಾಜಕೀಯದ ಅಖಾಡವಾಯಿತು. ಹಸೀನಾ ಅವರ ಪಕ್ಷ ಅವಾಮಿ ಲೀಗ್ ಅಧಿಕಾರಕ್ಕೆ ಬಂದಾಗ ಅದು ರಾಷ್ಟ್ರೀಯ ಶೋಕದಿನ, ಸಾರ್ವತ್ರಿಕ ರಜೆ. ಎದುರಾಳಿ ಖಾಲಿದಾ ಜಿಯಾ ಅವರ ಪಕ್ಷ ಬಂದಾಗ ರಜೆ ರದ್ದು. ಸಾಲದ್ದಕ್ಕೆ ತಮ್ಮ ಹುಟ್ಟುಹಬ್ಬವೂ ಅಂದೇ ಎಂದು ಖಾಲಿದಾ ವರ್ಷಗಟ್ಟಲೆ ಕೇಕ್ ಕತ್ತರಿಸಿದರು. ಆ ಹುಟ್ಟಿದ ದಿನವೇ ಸುಳ್ಳೆಂದು ಅವಾಮಿ ಲೀಗಿನವರು ವಾದಿಸಿದರು. 2024ರ ಆಗಸ್ಟ್ 5ರಂದು ಹಸೀನಾ ದೇಶ ಬಿಟ್ಟರು. ಹತ್ತು ದಿನ ಕಳೆಯುವಷ್ಟರಲ್ಲಿ ಮಧ್ಯಂತರ ಸರ್ಕಾರ ಶೋಕದಿನದ ರಜೆಯನ್ನು ಮತ್ತೆ ತೆಗೆದುಹಾಕಿತು.

ಕಾಬೂಲ್, 2021

ಅಫ್ಘಾನಿಸ್ತಾನದಿಂದ ಸೇನೆಯನ್ನು ಹಿಂದಕ್ಕೆ ಕರೆಸಿಕೊಳ್ಳಲು ಅಮೆರಿಕದ ಅಧ್ಯಕ್ಷ ಬೈಡನ್ 2021ರ ಏಪ್ರಿಲಿನಲ್ಲಿ ಇಟ್ಟ ಗಡುವು ಸೆಪ್ಟೆಂಬರ್ 11: ಯುದ್ಧಕ್ಕೆ ಕಾರಣವಾದ ದಾಳಿಗೆ ಇಪ್ಪತ್ತು ವರ್ಷ ತುಂಬುವ ದಿನ. ಆಮೇಲೆ ಅದನ್ನು ಆಗಸ್ಟ್ 31ಕ್ಕೆ ಹಿಂದಕ್ಕೆ ತಂದರು. ತಾಲಿಬಾನಿಗಳು ಎರಡಕ್ಕೂ ಕಾಯಲಿಲ್ಲ. ಆಗಸ್ಟ್ 15ರಂದು ಅಧ್ಯಕ್ಷ ಅಶ್ರಫ್ ಘನಿ ದೇಶ ಬಿಟ್ಟು ಹಾರಿದರು, ಸಂಜೆಯ ಹೊತ್ತಿಗೆ ಕಾಬೂಲಿನ ಅಧ್ಯಕ್ಷರ ಅರಮನೆಯಲ್ಲಿ ಬಂದೂಕು ಹಿಡಿದವರು ಮೇಜಿನ ಸುತ್ತ ಕೂತಿದ್ದರು. ಈ ದಿನವನ್ನು ತಾಲಿಬಾನ್ ಸರ್ಕಾರ ವಿಜಯದ ರಜೆಯಾಗಿ ಆಚರಿಸುತ್ತಿದೆ. 1919ರಲ್ಲಿ ಬ್ರಿಟಿಷರ ಹಿಡಿತದಿಂದ ಹೊರಬಂದದ್ದರ ನೆನಪಿಗೆ ಅಫ್ಘಾನಿಸ್ತಾನದ ಹಳೆಯ ಸ್ವಾತಂತ್ರ್ಯ ದಿನ ಆಗಸ್ಟ್ 19ಕ್ಕೆ ಇದೆ. ಅದನ್ನೂ ಅವರು ಬಿಟ್ಟಿಲ್ಲ. ಹೀಗಾಗಿ ಆ ದೇಶದ ಕ್ಯಾಲೆಂಡರಿನಲ್ಲಿ ನಾಲ್ಕು ದಿನದ ಅಂತರದಲ್ಲಿ ಬಿಡುಗಡೆಯ ಎರಡು ಹಬ್ಬಗಳಿವೆ.